ಒಂದು ಮಾರಿಸ್ ಮೈನರ್, ಒಂದು ಆಸ್ಟಿನ್, ಇಪ್ಪತ್ತೆಂಟು ಸಾಲು

ಎಂಬತ್ತೆರಡರ ಫೆಬ್ರುವರಿ ಒಂದನೇ ತಾರೀಖು, ಸೋಮವಾರ. ಬೆಳಿಗ್ಗೆ ಏಳಕ್ಕೆ ಎರಡೂ ಗಾಡಿಗಳು ಅಫಜಲಪುರದ ನಮ್ಮ ಗ್ಯಾರೇಜಿನ ಮುಂದೆ ನಿಂತಿದ್ದವು. ಎಡಕ್ಕೆ ಬೂದು ಬಣ್ಣದ ಮಾರಿಸ್ ಮೈನರ್, ಬಲಕ್ಕೆ ಕರಿ ಆಸ್ಟಿನ್ ಎ ನಲವತ್ತು. ಎರಡೂ ಇಂಗ್ಲಿಷರ ಗಾಡಿ, ಎರಡಕ್ಕೂ ಮೂವತ್ತರ ಹತ್ತಿರ ವಯಸ್ಸು. ನನಗೆ ಇಪ್ಪತ್ತೊಂದು.

ಮೈನರನ್ನು ಆಳಂದದ ನಿವೃತ್ತ ವಕೀಲರೊಬ್ಬರು ಕೊಟ್ಟಿದ್ದರು. ಆಸ್ಟಿನ್ ಜೇವರ್ಗಿ ಕಡೆಯ ಒಬ್ಬ ಗೌಡರದು. ಇಬ್ಬರೂ ದಾನವಾಗಿ ಕೊಟ್ಟದ್ದು ನಮ್ಮೂರಿನ ಹೆರಿಗೆ ಆಸ್ಪತ್ರೆಗೆ. ಅಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು. ಸೋಮವಾರ ಆಳಂದ, ಬುಧವಾರ ಗೊಬ್ಬೂರಿನ ಕಡೆ, ಶುಕ್ರವಾರ ಭೀಮೆ ದಾಟಿ ಜೇವರ್ಗಿ. ಉಳಿದ ದಿನ ಯಾವ ಹಳ್ಳಿಯಿಂದ ಕರೆ ಬಂದರೆ ಅಲ್ಲಿಗೆ. ಅಲ್ಲಿಯವರೆಗೆ ಅವರು ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದರು. ಬಂಡಿ ತಲುಪುವಷ್ಟರಲ್ಲಿ ಕೆಲಸ ಕೈಮೀರಿರುತ್ತಿತ್ತು ಎಂದು ಅವರೇ ಒಮ್ಮೆ ಹೇಳಿದ್ದರು.

ಆಸ್ಪತ್ರೆಯ ಟ್ರಸ್ಟಿಗೆ ಒಂದೇ ಗಾಡಿ ಸಾಕುವ ಶಕ್ತಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೈಮುಗಿದು ವಾಪಸು ಕಳಿಸಬೇಕು ಎಂಬುದನ್ನು ತಿಂಗಳು ಓಡಿಸಿ ನೋಡಿ ಹೇಳುವ ಕೆಲಸ ನಮ್ಮ ಉಸ್ತಾದರಿಗೆ ಬಂತು. ಉಸ್ತಾದರು ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವರು. ಇಂಜಿನ್ ಶಬ್ದ ಕೇಳಿ ಯಾವ ವಾಲ್ವು ಬಿಗಿ ಇದೆ ಎಂದು ಹೇಳಬಲ್ಲರು. ಬರೆಯುವುದೆಂದರೆ ಮಾತ್ರ ಆಗದು.

"ಬೇಟಾ, ನೀ ದಿನಾ ಡೈರಿ ಬರೀತಿಯಲ್ಲಾ, ಈ ಕೆಲಸ ನಿಂದ," ಅಂದರು. "ಗಾಡಿ ನಾ ನೋಡ್ಕೊತೇನಿ, ಕಾಗದ ನೀ ನೋಡ್ಕೊ."

ನಾನು ನಿಯಮ ಮಾಡಿದೆ. ಬೆಸ ತಾರೀಖಿಗೆ ಮೈನರ್, ಸರಿ ತಾರೀಖಿಗೆ ಆಸ್ಟಿನ್. ಫೆಬ್ರುವರಿಗೆ ಇಪ್ಪತ್ತೆಂಟು ದಿನ, ತಲಾ ಹದಿನಾಲ್ಕು. ಹೀಗೆ ಹಾಕಿದರೆ ಮೂರೂ ದಾರಿಗಳು ಎರಡೂ ಗಾಡಿಗೆ ಎರಡೆರಡು ಸಲ ಸಿಗುತ್ತಿದ್ದವು. ದಿನಕ್ಕೊಂದು ಸಾಲು. ಎಷ್ಟು ದೂರ, ಎಷ್ಟು ಪೆಟ್ರೋಲು, ಶುರುವಾಗಲು ಹ್ಯಾಂಡಲು ಎಷ್ಟು ಸಲ ತಿರುಗಿಸಬೇಕಾಯಿತು, ದಾರಿಯಲ್ಲಿ ಎಷ್ಟು ಸಲ ನಿಂತಿತು, ಯಾಕೆ. ಎರಡರ ಮೀಟರೂ ಮೈಲಿಯಲ್ಲಿ ಓಡುತ್ತಿದ್ದವು. ನಾನು ಕಿಲೋಮೀಟರಿಗೆ ತಿರುಗಿಸಿ ಬರೆಯುತ್ತಿದ್ದೆ.

ಮೊದಲ ದಿನವೇ ಟ್ರಸ್ಟಿನ ಅಧ್ಯಕ್ಷರು ಬಂದು ನೋಡಿ ಹೋದರು. ಬಟ್ಟೆ ಅಂಗಡಿಯ ಸಾವಕಾರರು, ಜೇವರ್ಗಿ ಗೌಡರಿಗೆ ಬೀಗರು. ನನ್ನ ಪುಸ್ತಕದ ಗೆರೆಗಳನ್ನು ನೋಡಿ ನಕ್ಕರು.

"ಇಷ್ಟೆಲ್ಲಾ ಯಾಕೋ ತಮ್ಮಾ? ಆನಿ ಮುಂದ ಕುರಿ ನಿಲ್ಲಿಸಿ ಯಾವದು ದೊಡ್ಡದು ಅಂತ ಅಳೀತಾರೇನು? ಆಸ್ಟಿನ್ ಚೊಲೊ ಅಂತ ಕಡೀಕ ಒಂದ್ ಸಾಲು ಬರಿ, ಸಾಕು."

"ಕಡೀ ಸಾಲು ಕಡೀಕೇ ಬರೀತೇನ್ರಿ, ಸಾವಕಾರ್ರ," ಅಂದೆ. ಉಸ್ತಾದರು ಕೆಮ್ಮಿದರು.

ಆಸ್ಟಿನ್ ಒಂಟಿಯಾಗಿ ಬಂದಿರಲಿಲ್ಲ. ಜೊತೆಗೆ ಗೌಡರ ಡ್ರೈವರನೂ ಬಂದಿದ್ದ. ಆ ಗಾಡಿಯನ್ನು ಅವನ ಹೊರತು ಯಾರೂ ಮುಟ್ಟಬಾರದು, ಅವನ ಸಂಬಳ ಗೌಡರದೇ, ಅದು ದಾನದ ಜೊತೆಗಿನ ಮಾತು. ದಪ್ಪ ಮೀಸೆಯವನು, ಒಳ್ಳೆಯ ಡ್ರೈವರ್. ಲೆಕ್ಕ ಬರೆಯುವವನು ಎಂದು ನನಗೆ ಮೊದಲ ದಿನವೇ ಹೆಸರಿಟ್ಟ.

"ಏನಪಾ ಮುನಶಿ, ಎಷ್ಟ ಸಲ ಹಾರ್ನ್ ಹೊಡದೆ ಅನ್ನೂದೂ ಬರ್ಕೊಂಡೇನು?"

"ಹೊಡೀರಿ, ಎಣಿಸ್ತೇನಿ."

ಮೈನರನ್ನು ನಾನೇ ನಡೆಸುತ್ತಿದ್ದೆ.

ಮೊದಲ ವಾರದ ಲೆಕ್ಕ ನೋಡಿದರೆ ಸಾವಕಾರರ ಮಾತಿನಲ್ಲಿ ಅರ್ಧ ಖರೆ ಇತ್ತು. ಆಸ್ಟಿನ್ನಿನ ಇಂಜಿನ್ ದೊಡ್ಡದು. ಡಾಕ್ಟರಬಾಯಿ, ನರ್ಸಬಾಯಿ, ಬಾಣಂತಿ, ಅವಳ ತಾಯಿ, ಗಂಟು, ಕೊಡ, ಎಲ್ಲ ಹೇರಿಕೊಂಡು ರಸ್ತೆಯ ಏರನ್ನು ಮೇಲಿನ ಗೇರಿನಲ್ಲೇ ಹತ್ತುತ್ತಿತ್ತು. ಅದೇ ಏರಿಗೆ ಮೈನರ್ ಎರಡನೇ ಗೇರಿಗೆ ಇಳಿದು ಹೊಟ್ಟೆ ನೋವಿನವರ ಹಾಗೆ ನರಳುತ್ತಿತ್ತು. ನಾನದನ್ನು ಹಾಗೆಯೇ ಬರೆದೆ.

ಮೈನರಿನ ಗೆಲುವು ಬೇರೆ ಕಡೆ. ಅದರ ಸ್ಟೇರಿಂಗ್ ಎರಡು ಬೆರಳಿಗೆ ತಿರುಗುತ್ತಿತ್ತು. ಹಳ್ಳಿಯ ಓಣಿಯಲ್ಲಿ ಎದುರಿಗೆ ಬಂಡಿ ಬಂದರೆ ಆಸ್ಟಿನ್ ಊರಬಾಗಿಲ ಅಗಸೆಯ ತನಕ ಹಿಂದಕ್ಕೆ ಬರಬೇಕು, ಮೈನರ್ ಬಾವಿಕಟ್ಟೆಯ ಹತ್ತಿರ ಸುತ್ತಿ ಹೊರಡುತ್ತಿತ್ತು. ಮೈನರಿಗೆ ನಾಲ್ಕೂ ಗಾಲಿಗೆ ಎಣ್ಣೆಯ ಬ್ರೇಕು. ಆಸ್ಟಿನ್ನಿಗೆ ಮುಂದಿನ ಎರಡಕ್ಕೆ ಎಣ್ಣೆ, ಹಿಂದಿನ ಎರಡಕ್ಕೆ ಕಬ್ಬಿಣದ ಸಲಾಕೆಯಿಂದ ಎಳೆಯುವ ಬ್ರೇಕು. ಅದನ್ನು ಸಮ ಮಾಡಲು ಉಸ್ತಾದರಿಗೆ ಅರ್ಧ ದಿನ ಹಿಡಿಯಿತು. ಪೆಟ್ರೋಲು ಲೀಟರಿಗೆ ಮೈನರ್ ಹದಿಮೂರು ಕಿಲೋಮೀಟರ್, ಆಸ್ಟಿನ್ ಒಂಬತ್ತೂವರೆ.

ಅದು ಜೋಳದ ರಾಶಿಯ ಕಾಲ. ನಮ್ಮ ಕಡೆ ತೆನೆ, ದಂಟು ಎಲ್ಲ ಡಾಂಬರು ರಸ್ತೆಯ ಮೇಲೆ ಹರಡಿ ಬಿಡುತ್ತಾರೆ. ಬಸ್ಸು ಲಾರಿ ಅದರ ಮೇಲೆ ಓಡಿ ಕಾಳು ಬಿಡಿಸಬೇಕು. ಬಸ್ಸಿಗೆ ಏನೂ ಆಗದು. ಸಣ್ಣ ಗಾಡಿಗೆ ದಂಟು ಹೊಟ್ಟೆಯ ಕೆಳಗಿನ ತಿರುಗುವ ದಂಡಕ್ಕೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊಗೆ ಏಳುತ್ತದೆ. ಮೈನರಿಗೆ ಎರಡು ಸಲ ಹಾಗಾಯಿತು, ಆಸ್ಟಿನ್ನಿಗೆ ಒಂದು ಸಲ. ಎರಡೂ ಸಲ ಮೈನರ್ ಕೆಳಗೆ ಮಲಗಿ ಕುಡಗೋಲಿನಿಂದ ದಂಟು ಕೊಯ್ದವನು ನಾನು. ರಾಶಿಯ ಯಜಮಾನ ಪಕ್ಕದಲ್ಲಿ ಕುಂತು, "ಹಗುರಕ ಕೊಯ್ಯೊ ತಮ್ಮಾ, ಕಾಳು ನಮ್ಮವು," ಅನ್ನುತ್ತಿದ್ದ.

ಹತ್ತನೇ ತಾರೀಖು, ಬುಧವಾರ, ಆಸ್ಟಿನ್ನಿನ ಸರದಿ. ಅದು ಬರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿನವರೊಬ್ಬರು ಸುದ್ದಿ ತಂದರು. ಗೌಡರ ಪೈಕಿಯವರ ಲಗ್ನವಂತೆ, ಗಾಡಿ ಹಿಂದಿನ ಸಂಜೆಯೇ ಜೇವರ್ಗಿಗೆ ಹೋಗಿದೆಯಂತೆ. ಆ ಮನೆತನದ ಯಾವ ಮದುಮಗನೂ ಆ ಆಸ್ಟಿನ್ ಬಿಟ್ಟು ಬೇರೆ ಗಾಡಿಯಲ್ಲಿ ಮೆರವಣಿಗೆ ಹೋಗಿದ್ದಿಲ್ಲ. ದಾನ ಕೊಟ್ಟ ಮೇಲೂ ಆ ಪದ್ಧತಿ ಮುರಿದಿರಲಿಲ್ಲ. ಡಾಕ್ಟರಬಾಯಿ ಮೈನರಿನಲ್ಲಿ ಹೋದರು. ನಾನು ಪುಸ್ತಕದಲ್ಲಿ ಹೊಸ ಕಾಲಮ್ಮಿಗೆ ಗೆರೆ ಎಳೆದೆ. ಮೇಲೆ ಬರೆದೆ: "ಕರೆದಾಗ ಬಂತೇ."

ಹನ್ನೆರಡನೇ ತಾರೀಖಿಗೆ ಆಸ್ಟಿನ್ ವಾಪಸು ಬಂತು, ಅವತ್ತಿನ ಜೇವರ್ಗಿ ದಾರಿಯಲ್ಲಿ ರೇಡಿಯೇಟರಿನ ನೀರು ಕುದಿಯಿತು. ಡ್ರೈವರ್ ಕಸಿವಿಸಿಗೊಂಡ. ಉಸ್ತಾದರು ಸಂಜೆ ಮುಂದಿನ ಜಾಳಿಗೆ ಬಿಚ್ಚಿದರೆ ರೇಡಿಯೇಟರಿನ ಸಂದಿಯಲ್ಲೆಲ್ಲ ಚೆಂಡುಹೂವಿನ ಎಸಳು. ಮೆರವಣಿಗೆಯ ಹಾರ ಒಣಗಿ, ಉದುರಿ, ಗಾಳಿಗೆ ಒಳಗೆ ಎಳೆದುಕೊಂಡು ಗಟ್ಟಿಯಾಗಿತ್ತು. ಅರ್ಧ ಮೊರದಷ್ಟು ಸಿಕ್ಕವು.

"ಈ ಗಾಡಿಗೆ ಜ್ವರ ಇಲ್ಲ ಬೇಟಾ, ಲಗ್ನ ಅದ," ಅಂದರು ಉಸ್ತಾದರು.

ನಾನು ಬರೆದೆ: "ಕುದಿಯಿತು. ಕಾರಣ ಹೂವು. ಗಾಡಿಯ ತಪ್ಪಲ್ಲ."

ಹದಿನೈದನೇ ತಾರೀಖಿನದು ನನ್ನ ತಪ್ಪು. ಅದನ್ನು ಬಿಡಿಸಿ ಹೇಳಬೇಕು.

ಮೈನರಿನ ಮುಂದಿನ ಗಾಲಿಯನ್ನು ಹಿಡಿದಿರುವುದು ಒಂದು ಉಕ್ಕಿನ ಕಂಬ. ಅದರ ಕೆಳತುದಿಯಲ್ಲಿ ಚೂಡಿ, ಅಂದರೆ ತಿರುಪಿನ ಸುತ್ತು, ಇದೆ. ಸ್ಟೇರಿಂಗ್ ತಿರುಗಿಸಿದಂತೆ ಆ ಚೂಡಿ ತನ್ನ ಮನೆಯೊಳಗೆ ತಿರುಗುತ್ತದೆ. ಅದಕ್ಕೆ ಸದಾ ಗ್ರೀಸ್ ಇರಬೇಕು. ಇಲ್ಲದಿದ್ದರೆ ಚೂಡಿ ಸವೆದು ಒಂದು ದಿನ ಕಂಬವೇ ಕಳಚುತ್ತದೆ. ಉಸ್ತಾದರು ಮೊದಲ ದಿನವೇ ಇದನ್ನು ಎರಡು ಸಲ ಹೇಳಿದ್ದರು. ನಾನು ನಾಲ್ಕು ದಿನಕ್ಕೊಮ್ಮೆ ಗ್ರೀಸ್ ಒಳಗೆ ಹೋಗುವ ಪ್ರತಿ ನಿಪ್ಪಲಿಗೆ ಗ್ರೀಸ್ ಗನ್ನಿನಿಂದ ಆರು ಹೊಡೆತ ಹೊಡೆದೆ. ತಾರೀಖು ಹಾಕಿ ಬರೆದೆ. ಆರು, ಆರು, ಆರು, ಆರು. ಪುಸ್ತಕ ಚೆಂದ ಕಾಣುತ್ತಿತ್ತು.

ಎಡಗಡೆ ಕೆಳಗಿನ ನಿಪ್ಪಲಿನ ಬಾಯಿ ಹಳೆಯ ಗ್ರೀಸು, ಎರೆಮಣ್ಣು ಸೇರಿ ಕಲ್ಲಾಗಿತ್ತು. ನಾನು ಹೊಡೆದದ್ದು ಒಳಗೆ ಹೋಗದೆ ಪಕ್ಕದಿಂದ ಹೊರಗೆ ಬರುತ್ತಿತ್ತು. ಅದನ್ನು ನಾನೇ ಚಿಂದಿಯಿಂದ ಒರೆಸಿದ್ದೆ. ಹೆಚ್ಚಾದದ್ದು ಹೊರಗೆ ಬಂತು ಎಂದುಕೊಂಡಿದ್ದೆ. ಹೊಡೆತ ಎಣಿಸಿದೆ, ಗ್ರೀಸ್ ಹೋಯಿತೇ ಎಂದು ನೋಡಲಿಲ್ಲ.

ಆಳಂದದಿಂದ ಬರುವಾಗ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಒಂದು ಸಣ್ಣ ಸೇತುವೆಯ ತಗ್ಗಿಗೆ ಇಳಿದೊಡನೆ ಎಡಗಾಲಿ ಒಳಗೆ ಮಡಚಿತು. ಗಾಡಿಯ ಮೂಗು ನೆಲಕ್ಕೆ ಹತ್ತಿತು. ವೇಗ ಇರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಡಾಕ್ಟರಬಾಯಿ ಇಳಿದು ನೋಡಿದರು.

"ಏನಾತು?"

"ಗ್ರೀಸ್ ಹೋಗಿಲ್ರಿ ಬಾಯಾರ."

"ಯಾರು ಹಾಕೂದು?"

"ನಾನ್ರಿ."

ಅವರು ನರ್ಸಬಾಯಿಯನ್ನು ಕರೆದುಕೊಂಡು ಬಸ್ಸಿಗೆ ಕೈ ಮಾಡಿದರು.

ಉಸ್ತಾದರು ಟ್ರಾಕ್ಟರು ತಂದು ಎಳೆಸಿಕೊಂಡು ಬಂದರು. ಬಿಚ್ಚಿದರೆ ಚೂಡಿ ಒಣಗಿ ಕೆಂಪಗೆ ತುಕ್ಕು. ಬೈಯಲಿಲ್ಲ. ಆ ತುಂಡನ್ನು ನನ್ನ ಅಂಗೈಯಲ್ಲಿಟ್ಟು, "ಇದನ್ನ ಬರಿ," ಅಂದರು. ಬರೆದೆ. ಹೊಸದು ಇಲ್ಲೆಲ್ಲೂ ಸಿಗದು. ಗುಲಬರ್ಗಾದ ಗುಜರಿಯಲ್ಲಿ ಬಿದ್ದಿದ್ದ ಇನ್ನೊಂದು ಮೈನರಿನಿಂದ ಬಿಚ್ಚಿ ತರಬೇಕು. ನಾನು ಹದಿನಾರಕ್ಕೆ ಹೋದೆ. ಸಿಕ್ಕ ತುಂಡು ಬಲಗಾಲಿಯದು. ಮತ್ತೆ ಹೋಗಬೇಕಾಯಿತು.

ಹದಿನೇಳು, ಬುಧವಾರ. ಮೈನರ್ ಜಾಕಿನ ಮೇಲೆ. ಬೆಳಿಗ್ಗೆ ಹತ್ತಕ್ಕೆ ಗೊಬ್ಬೂರಿನ ಆಚೆಯ ಹಳ್ಳಿಯಿಂದ ಒಬ್ಬ ರೈತ ಸೈಕಲ್ ತುಳಿದುಕೊಂಡು ಬಂದ. ಹೆಂಡತಿಗೆ ಮೊದಲ ಹೆರಿಗೆ, ಕೂಸು ಅಡ್ಡ ಇದೆ ಎಂದು ಸೂಲಗಿತ್ತಿ ಹೇಳಿದ್ದಾಳೆ. ನಾನು ಆಸ್ಟಿನ್ ನಿಲ್ಲುತ್ತಿದ್ದ ಜಾಗಕ್ಕೆ ಓಡಿದೆ. ಅಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಅದು ಬೆಳಿಗ್ಗೆ ಆರಕ್ಕೇ ಜೇವರ್ಗಿಗೆ ಹೋಗಿತ್ತು. ಇನ್ನೊಂದು ಲಗ್ನ. ನಾನು ಅಂಚೆ ಕಚೇರಿಯಿಂದ ಗೌಡರ ಮನೆಗೆ ಫೋನು ಮಾಡಿಸಿದೆ. ಆ ಕಡೆಯಿಂದ ಯಾರೋ, "ಮೆರವಣಿಗಿ ಮುಗೀಲಿ, ಕಳಸ್ತೇವಿ," ಅಂದರು.

ಡಾಕ್ಟರಬಾಯಿ ಕಬ್ಬಿನ ಟ್ರಾಕ್ಟರಿನ ಟ್ರಾಲಿಯಲ್ಲಿ ಚೀಲ ಹಿಡಿದು ನಿಂತುಕೊಂಡೇ ಹೋದರು. ನಾನೂ ಜೊತೆಗೆ ಹೋದೆ. ಮೈನರಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಆ ರೈತ ಹೊರಗಿನ ಕಟ್ಟೆಯ ಮೇಲೆ ಕುಂತಿದ್ದ. ನನಗೆ ಚಹಾ ಕೊಡಲು ಮನೆಯವರಿಗೆ ಹೇಳಿದ. ನಾನು ಕುಡಿದೆ.

ಬರುವಾಗ ಡಾಕ್ಟರಬಾಯಿಯನ್ನು ಕೇಳಿದೆ, "ಗಾಡಿ ಇದ್ದಿದ್ರ?"

"ಇದ್ದಿದ್ರ ಒಂದೂವರಿ ತಾಸು ಮೊದಲ ಮುಟ್ಟತಿದ್ದೆ," ಅಂದರು. "ಅಷ್ಟ ಹೇಳಬಲ್ಲೆ. ಮುಂದಿಂದು ಹೇಳಾಕ ಬರಂಗಿಲ್ಲ."

ಅವತ್ತಿನ ಸಾಲು ಹೀಗಿದೆ: "ಹದಿನೇಳು, ಬುಧವಾರ. ಗೊಬ್ಬೂರ ಕಡೆಯಿಂದ ಹೆರಿಗೆಯ ಕರೆ. ಮೈನರ್ ಬರಲಿಲ್ಲ, ನಾನು ಗ್ರೀಸ್ ಸರಿಯಾಗಿ ಹಾಕದೆ ಗಾಲಿ ಮುರಿದಿತ್ತು. ಆಸ್ಟಿನ್ ಬರಲಿಲ್ಲ, ಮದುವೆಗೆ ಹೋಗಿತ್ತು. ಕೂಸು ತೀರಿಕೊಂಡಿತು." ಮೊದಲು ಕೊನೆಯ ಎರಡು ಪದ ಬರೆದಿರಲಿಲ್ಲ. ಅದು ಗಾಡಿಯ ಪುಸ್ತಕ, ಅದರಲ್ಲಿ ಯಾಕೆ ಎಂದುಕೊಂಡಿದ್ದೆ. ಮರುದಿನ ಸೇರಿಸಿದೆ. ಗಾಡಿ ಇರುವುದೇ ಅದಕ್ಕಾಗಿ.

ಹದಿನೆಂಟಕ್ಕೂ ಆಸ್ಟಿನ್ ಬರಲಿಲ್ಲ. ಹತ್ತೊಂಬತ್ತಕ್ಕೆ ಬಂತು. ಅವತ್ತು ಮೈನರಿನ ಸರದಿಯಾದರೂ ತಾನೇ ಜೇವರ್ಗಿಗೆ ಹೋಗಿ ಬಂತು. ಡ್ರೈವರ್ ಆ ದಿನ ನನ್ನನ್ನು ಮುನಶಿ ಅನ್ನಲಿಲ್ಲ.

"ನನಗ ಗೊತ್ತಿರಲಿಲ್ಲಪಾ," ಅಂದ. "ಗೊತ್ತಿದ್ರೂ ಏನ್ ಮಾಡ್ತಿದ್ದೆ? ಗೌಡ್ರ ಗಾಡಿ, ಗೌಡ್ರ ಸಂಬಳ."

ಇಪ್ಪತ್ತರ ಸಂಜೆ ಮೈನರ್ ಜಾಕಿನಿಂದ ಕೆಳಗಿಳಿಯಿತು. ನಾನು ಆರು ಎಣಿಸಿ ನಿಲ್ಲಿಸುವುದು ಬಿಟ್ಟೆ. ಗಾಲಿ ಮೇಲೆತ್ತಿ, ನಿಪ್ಪಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಕರಿ ಗ್ರೀಸು ಹೊರಬಿದ್ದು ಹೊಸದು ಕಾಣುವವರೆಗೆ ಹೊಡೆದೆ. ಒಂದಕ್ಕೆ ಒಂಬತ್ತು ಬೇಕಾಯಿತು, ಇನ್ನೊಂದಕ್ಕೆ ಹದಿನಾಲ್ಕು. ಉಳಿದ ನಾಲ್ಕೂ ಸರದಿ ಅದು ನಿಲ್ಲದೆ ಓಡಿತು. ಆಸ್ಟಿನ್ ಇಪ್ಪತ್ತನಾಲ್ಕಕ್ಕೆ ಮತ್ತೆ ಇರಲಿಲ್ಲ, ಬೀಗರನ್ನು ಸ್ಟೇಶನ್ನಿಗೆ ಬಿಡಲು ಹೋಗಿತ್ತು.

ಮಾರ್ಚ್ ಒಂದು, ಸೋಮವಾರ, ಆಸ್ಪತ್ರೆಯ ಪಡಸಾಲೆಯಲ್ಲಿ ಸಭೆ. ಸಾವಕಾರರು, ಟ್ರಸ್ಟಿನ ಇನ್ನೂ ಮೂವರು ಹಿರಿಯರು, ಬರೆದುಕೊಳ್ಳಲು ಗುಮಾಸ್ತ, ಡಾಕ್ಟರಬಾಯಿ, ಉಸ್ತಾದರು, ನಾನು. ನಾನು ಒಟ್ಟು ಲೆಕ್ಕ ಓದಿದೆ. ಇಂಜಿನ್ನಿನ ಬಲ, ಏರು, ಹೊರೆ: ಆಸ್ಟಿನ್. ಪೆಟ್ರೋಲು, ಓಣಿ, ಬ್ರೇಕು, ಶುರುವಾಗುವುದು: ಮೈನರ್. ತಮ್ಮ ಸರದಿಯಲ್ಲಿ ಬಾರದ ದಿನಗಳು: ಆಸ್ಟಿನ್ ಮೂರು, ಮೈನರ್ ಎರಡು.

"ಮೂರು, ಎರಡು," ಅಂದರು ಸಾವಕಾರರು. "ಏನ್ ಫರಕ್ ಆತು? ಮತ್ತ ಗ್ರೀಸ್ ಹೊಡಿಯಾಕ ಬರದವ ನಮಗ ಗಾಡಿ ಆರಿಸಿ ಕೊಡ್ತಾನಂತ."

"ಬರ್ತಿರಲಿಲ್ರಿ, ಖರೆ. ಈಗ ಬರತದ. ಮೈನರಿನ ಆ ಎರಡು ದಿನ ಮತ್ತ ಬರಂಗಿಲ್ಲ. ಆಸ್ಟಿನ್ನಿನ ಈ ಮೂರು ದಿನ ಮತ್ತ ಬರತಾವ."

"ಯಾಕ ಬರತಾವ?"

ಉತ್ತರ ಕೊಟ್ಟವರು ಡಾಕ್ಟರಬಾಯಿ. "ಜೇವರ್ಗಿಯೊಳಗ ಲಗ್ನ ನಿಲ್ತಾವೇನ್ರಿ?"

ಒಬ್ಬ ಹಿರಿಯರು ನಕ್ಕು, ಸಾವಕಾರರ ಮುಖ ನೋಡಿ ನಿಲ್ಲಿಸಿದರು. ಡಾಕ್ಟರಬಾಯಿ ಮುಂದುವರಿಸಿದರು. "ಗೌಡ್ರ ಡ್ರೈವರ್ ಬ್ಯಾಡ, ಗಾಡಿ ಲಗ್ನಕ್ಕ ಹೋಗಂಗಿಲ್ಲ ಅಂತ ಅವರು ಬರದು ಕೊಡ್ಲಿ, ನಾ ಆಸ್ಟಿನ್ ಇಟ್ಕೊತೇನಿ. ಗಾಡಿ ಚೊಲೊ ಅದ."

"ದಾನ ಕೊಟ್ಟವರಿಗೆ ಹಂಗ ಕೇಳೂದೇನ್ರಿ ಬಾಯಾರ?"

"ಹಂಗಾದ್ರ ಗೌಡ್ರನ್ನ ಕೇಳಿ ಬರೂ ಗಾಡಿ ನನಗ ಬ್ಯಾಡ. ಮೈನರ್ ಇರ್ಲಿ."

"ಅದನ್ನ ನಡಸೂದ್ಯಾರು?"

"ನಾನು," ಅಂದರು ಡಾಕ್ಟರಬಾಯಿ. "ಲೈಸೆನ್ಸ್ ಅದ, ನೋಡ್ತೀರೇನು?"

ಸಾವಕಾರರು ವ್ಯಾಪಾರಿಯ ಹಾಗೆ ತಣ್ಣಗೆ ಮಾತಾಡಿದರು. ಸರಿ, ಮೈನರ್ ಇರಲಿ. ಆದರೆ ಆಸ್ಟಿನ್ ವಾಪಸು ಕಳಿಸುವಾಗ ಜೊತೆಗೆ ಒಂದು ವರದಿ ಹೋಗಬೇಕಲ್ಲ. ಅದನ್ನು ಗೌಡರು ನಾಲ್ಕು ಜನರ ಮುಂದೆ ಓದಿಸುತ್ತಾರೆ. "ಆಸ್ಟಿನ್ ಇಂಜಿನ್ ಹಳೇದು, ನಮ್ಮ ರಸ್ತೆಗೆ ತಡಿಯೂದಿಲ್ಲ ಅಂತ ಬರಿ. ಕರದಾಗ ಬಂತೇ ಅನ್ನೂ ಗೆರಿ ತಗಿ. ಹದಿನೇಳರ ಸಾಲು ಬಿಡು. ಗೌಡ್ರ ಮರ್ಯಾದಿ ಉಳೀತದ, ನಿನ್ನ ಗ್ರೀಸಿಂದೂ ಯಾರಿಗೂ ಗೊತ್ತಾಗಂಗಿಲ್ಲ. ನಿನಗೂ ಚೊಲೊ ಅಲ್ಲೇನು?"

ಕೊನೆಯ ಮಾತು ಅವರು ನನ್ನ ಕಡೆ ಬಗ್ಗಿ, ಪ್ರೀತಿಯಿಂದಲೇ ಹೇಳಿದರು. ನನಗೆ ಆ ಕ್ಷಣ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಸ್ತಾದರ ಕಡೆ ನೋಡಿದೆ. ಗೌಡರ ಎರಡು ಟ್ರಾಕ್ಟರು, ಒಂದು ಜೀಪು ನಮ್ಮ ಗ್ಯಾರೇಜಿಗೇ ಬರುತ್ತಿದ್ದವು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನನ್ನ ಮುಖ ಯಾಕ ನೋಡ್ತಿ ಬೇಟಾ? ಕಾಗದ ನಿಂದ ಅಂತ ಅವತ್ತ ಹೇಳೇನಿ."

ನಾನು ಎದ್ದು ನಿಂತೆ. "ಆ ಇಂಜಿನ್ ಇಡೀ ತಿಂಗಳದಾಗ ಒಂದ್ ಸಲಾನೂ ತಾನಾಗಿ ಕೆಟ್ಟಿಲ್ರಿ, ಸಾವಕಾರ್ರ. ಅದರ ಮ್ಯಾಲ ಸುಳ್ಳು ಹಾಕಂಗಿಲ್ಲ. ಹದಿನೇಳರ ಸಾಲಿನೊಳಗ ನನ್ನ ತಪ್ಪು ಮೊದಲ ಅದ, ಗೌಡ್ರ ಲಗ್ನ ಆಮ್ಯಾಲ. ನಾನು ಉಳೀಲಿ ಅಂತ ಅದನ್ನ ತಗದ್ರ ಆ ಹಳ್ಳಿಗೆ ಯಾವ ಮುಖ ಹೊತ್ತು ಹೋಗ್ಲಿ?"

"ಪುಸ್ತಕ ಇಲ್ಲಿ ಕೊಡು."

"ಪುಸ್ತಕ ನನ್ನದ್ರಿ."

"ಲೆಕ್ಕ ಟ್ರಸ್ಟಿಂದು!"

"ಹೌದ್ರಿ, ಲೆಕ್ಕ ಟ್ರಸ್ಟಿಂದು. ಬರ್ಕೋರಿ. ನಾ ಓದಿ ಹೇಳ್ತೇನಿ, ಇಪ್ಪತ್ತೆಂಟೂ ಸಾಲು."

ಯಾರೂ ಏಳಲಿಲ್ಲ. ಡಾಕ್ಟರಬಾಯಿ ಗುಮಾಸ್ತನ ಮುಂದೆ ಕಾಗದ ಸರಿಸಿದರು. ನಾನು ಒಂದನೇ ತಾರೀಖಿನಿಂದ ಶುರು ಮಾಡಿದೆ. ಅವನು ಬರೆಯುತ್ತಾ ಹೋದ. ಹತ್ತು, ಲಗ್ನ. ಹನ್ನೆರಡು, ಹೂವು. ಹದಿನೈದು, ಗ್ರೀಸು. ಹದಿನೇಳು, ಬುಧವಾರ ಎಂದು ಓದಿ, ಇಡೀ ಸಾಲು ಕೊನೆಯ ಎರಡು ಪದದ ತನಕ ಓದಿದೆ.

ಗುಮಾಸ್ತ ಆ ಸಾಲು ಬರೆಯದೆ ಪೆನ್ನು ಎತ್ತಿ ಸಾವಕಾರರ ಮುಖ ನೋಡಿದ. ಸಾವಕಾರರು ಕಿಟಕಿಯ ಹೊರಗೆ ನೋಡುತ್ತಿದ್ದರು.

ನಾನು ಹದಿನೆಂಟಕ್ಕೆ ಹೋಗಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ, ಇನ್ನೂ ನಿಧಾನವಾಗಿ ಓದಿದೆ. ಅವನು ಪೆನ್ನನ್ನು ಮತ್ತೆ ಕಾಗದಕ್ಕೆ ಇಳಿಸಿ ಅದನ್ನು ಬರೆಯತೊಡಗುವ ತನಕ ನಿಂತೇ ಇದ್ದೆ.